ಅಮ್ಮನಿಗೆ ಮೆಥೋಟ್ರೆಕ್ಸೇಟ್ ಕೊಡಬಹುದಾ?

ರುಮಟಾಯ್ಡ್ ಸಂಧಿವಾತಕ್ಕೆ ಕ್ಯಾನ್ಸರ್ ಮಾತ್ರೆ ಯಾಕೆ ಬರೆದುಕೊಟ್ಟರು ಅಂತ ಕೇಳಿದ್ದೀರಿ. ಗಾಬರಿಯಾಗಬೇಡಿ. ಮೆಥೋಟ್ರೆಕ್ಸೇಟನ್ನು ಕ್ಯಾನ್ಸರಿಗೂ ಕೊಡ್ತಾರೆ, ನಿಜ. ಕೀಲುಗಳಿಗೆ ಕೊಡೋದು ತೀರಾ ಕಡಿಮೆ ಪ್ರಮಾಣ. ಇದು ಹೊಸ ಪ್ರಯೋಗವೂ ಅಲ್ಲ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದಲ್ಲಿ ಮುನ್ನಡೆಸಿದ ತಂಡ 1940ರ ದಶಕದಲ್ಲಿ ತಯಾರಿಸಿದ ಔಷಧಿ. ಸಂಧಿವಾತಕ್ಕೆ ಅಲ್ಲಿ 1988ರಲ್ಲಿ ಅನುಮತಿ ಸಿಕ್ಕಿತು.

ಆದರೆ ಒಂದು ಮಾತು ಕೈಮುಗಿದು ಹೇಳ್ತೀನಿ: ಇದು ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ನಮ್ಮತ್ತೆಗೆ ಕ್ಯಾಲೆಂಡರಿನ ಗುರುವಾರಗಳಿಗೆಲ್ಲ ಕೆಂಪು ಸುತ್ತು ಹಾಕಿಟ್ಟಿದ್ದೇವೆ. ಜೊತೆಗೆ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಮಾತ್ರೆ ಬರೆದಿದ್ದರೆ ಬಿಡಬೇಡಿ, ವಾಕರಿಕೆ, ಬಾಯಿಹುಣ್ಣು ಕಡಿಮೆಯಾಗುತ್ತೆ. ಡಾಕ್ಟರು ಹೇಳಿದ ರಕ್ತಪರೀಕ್ಷೆ ತಪ್ಪಿಸಬೇಡಿ. ಗುಣ ಕಾಣಲು ವಾರಗಳೇ ಬೇಕು. ಬೆಳಿಗ್ಗೆ ಲೋಟ ಹಿಡಿಯಲಾಗದಿದ್ದ ಅತ್ತೆ ಮೂರನೇ ತಿಂಗಳಿಗೆ ಚಪಾತಿ ಹಿಟ್ಟು ನಾದಿದರು.