ಬೇರಿಂಗ್ ಗುಂಡುಗಳಿಗೆ ಗಟ್ಟಿ ಲೇಪನ

ಪ್ರಶ್ನೆ: ಡ್ರಿಲ್ ಬಿಟ್‌ಗಳಿಗೆ ಹೊನ್ನಿನ ಬಣ್ಣದ ಟೈಟೇನಿಯಂ ನೈಟ್ರೈಡ್ ಲೇಪನ ಕೊಟ್ಟರೆ ಅವು ಬೇಗ ಸವೆಯುವುದಿಲ್ಲ. ಬಾಲ್ ಬೇರಿಂಗಿನ ಗುಂಡುಗಳಿಗೂ ಅದನ್ನೇ ಕೊಡಬಹುದಲ್ಲವೇ?

ಉತ್ತರ: ಕೊಡುವ ಮುನ್ನ ಬೇರಿಂಗ್ ಯಾವ ಕಾರಣಕ್ಕೆ ಹಾಳಾಗುತ್ತಿದೆ ಎಂದು ನೋಡಬೇಕು. ಓಡುವಾಗ ಗುಂಡನ್ನೂ, ಅದು ಉರುಳುವ ಉಂಗುರವಾದ ರೇಸನ್ನೂ ದೂರವಿಡುವುದು ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗ) ತೆಳುವಾದ ಎಣ್ಣೆಯ ಪೊರೆ. ಯಂತ್ರ ಪದೇ ಪದೇ ನಿಂತು ಹೊರಡುವಾಗ, ವೇಗ ತೀರ ಕಡಿಮೆಯಿದ್ದಾಗ ಅಥವಾ ಗ್ರೀಸ್ ಒಣಗಿದಾಗ ಆ ಪೊರೆ ಹರಿದು, ಉಕ್ಕಿಗೆ ಉಕ್ಕು ತಾಗಿ, ಕಣ್ಣಿಗೆ ಕಾಣದ ಉಬ್ಬುಗಳು ಕ್ಷಣಮಾತ್ರ ಬೆಸೆದುಕೊಂಡು ಮರುಕ್ಷಣವೇ ಕಿತ್ತುಬರುತ್ತವೆ. ಉಕ್ಕಿನೊಡನೆ ಬೆಸೆಯದ ಗಟ್ಟಿ ಪದರ ನಡುವೆ ಬಂದರೆ ಈ ಸವೆತ ತಗ್ಗುತ್ತದೆ. ಆದ್ದರಿಂದಲೇ ಎಷ್ಟೋ ಕಡೆ ಗುಂಡುಗಳಿಗೆ ಮಾತ್ರ ಲೇಪನ ಕೊಟ್ಟು ರೇಸನ್ನು ಹಾಗೆಯೇ ಬಿಡುತ್ತಾರೆ. ಆದರೆ ಭಾರಿ ಹೊರೆಯಡಿ ಉರುಳಿ ಉರುಳಿ ಲೋಹ ದಣಿದು ಹುಟ್ಟುವ ಬಿರುಕು ಸಾಮಾನ್ಯವಾಗಿ ಮೇಲ್ಮೈಗಿಂತ ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರಾನ್ ಕೆಳಗಿರುತ್ತದೆ. 2 ಮೈಕ್ರಾನ್ ಪದರ ಅದನ್ನು ತಡೆಯಲಾರದು.

ಇನ್ನು ನೀವು ಹೆಸರಿಸಿದ ಲೇಪನದ ಮಾತು. ಟೈಟೇನಿಯಂ ನೈಟ್ರೈಡನ್ನು ನಿರ್ವಾತ ಕೋಣೆಯಲ್ಲಿ ಸಾಮಾನ್ಯವಾಗಿ 400ರಿಂದ 500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೂರಿಸುತ್ತಾರೆ. ಡ್ರಿಲ್ ಬಿಟ್ಟಿನ ಹೈಸ್ಪೀಡ್ ಉಕ್ಕನ್ನು ಗಡಸುಗೊಳಿಸಿದ ಮೇಲೆ 500 ಡಿಗ್ರಿಗೂ ಹೆಚ್ಚಿಗೆ ಮತ್ತೆ ಕಾಯಿಸಿ ಹದಗೊಳಿಸಿರುವುದರಿಂದ ಅದಕ್ಕೆ ಈ ಬಿಸಿ ಬಾಧಿಸುವುದಿಲ್ಲ. ಬೇರಿಂಗಿನ ಸಾಮಾನ್ಯ ಕ್ರೋಮಿಯಂ ಉಕ್ಕನ್ನಾದರೋ ಹೆಚ್ಚಾಗಿ 150ರಿಂದ 200 ಡಿಗ್ರಿಯಲ್ಲಿ ಹದಗೊಳಿಸಿರುತ್ತಾರೆ. ಅದನ್ನು ಅಷ್ಟು ಕಾಯಿಸಿದರೆ ಒಳಗಿನ ಗಡಸುತನವೇ ಹೋಗಿ, ಮೆತ್ತನೆಯ ಲೋಹದ ಮೇಲೆ ಪೆಡಸು ಪದರ ಉಳಿದು, ಹೊರೆ ಬಿದ್ದೊಡನೆ ಬಿರುಕು ಬಿಡುತ್ತದೆ. ಹಾಗಾಗಿ ಬೇರಿಂಗಿಗೆ ನಾನು ಸೂಚಿಸುವುದು 200 ಡಿಗ್ರಿಯ ಆಸುಪಾಸಿನಲ್ಲೇ ಕೂರಿಸಬಹುದಾದ ವಜ್ರಸದೃಶ ಇಂಗಾಲದ ಲೇಪನವನ್ನು, ಅಥವಾ ಟಂಗ್‌ಸ್ಟನ್ ಕಾರ್ಬೈಡ್ ಬೆರೆತ ಇಂಗಾಲದ ಲೇಪನವನ್ನು. ಇವುಗಳ ಅಡಿಯಲ್ಲಿ ಕ್ರೋಮಿಯಂನ ತೆಳು ಪದರವೊಂದು ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಹಿಡಿತವೇ ಇಲ್ಲಿ ಪ್ರಾಣ: ಕಳಚಿದ ಚಕ್ಕೆ ಉಕ್ಕಿಗಿಂತ ಗಟ್ಟಿಯಾದ್ದರಿಂದ ಅದೇ ರೇಸನ್ನು ಗೀರುತ್ತದೆ.

ಬಹಳ ಮಂದಿ ಮರೆಯುವ ಲೆಕ್ಕವೂ ಒಂದಿದೆ. 2 ಮೈಕ್ರಾನ್ ಲೇಪನ ಕೊಟ್ಟಾಗ ಗುಂಡಿನ ವ್ಯಾಸ 4 ಮೈಕ್ರಾನ್ ಹೆಚ್ಚುತ್ತದೆ. ಎದುರುಬದುರಿನ ಎರಡು ಗುಂಡುಗಳನ್ನು ಸೇರಿಸಿದರೆ ಬೇರಿಂಗಿನ ಒಳಸಡಿಲ (ಗುಂಡು, ರೇಸುಗಳ ನಡುವೆ ಬಿಟ್ಟಿರುವ ಸಂದು) 8 ಮೈಕ್ರಾನ್ ಕಡಿಮೆಯಾಗುತ್ತದೆ. 20 ಮಿಲಿಮೀಟರ್ ಒಳವ್ಯಾಸದ ಸಾಮಾನ್ಯ ಬೇರಿಂಗಿನಲ್ಲಿ ಇರುವ ಸಡಿಲವೇ 5ರಿಂದ 20 ಮೈಕ್ರಾನ್. ಲೇಪನದ ದಪ್ಪವನ್ನು ಕಳೆದು, ಅಷ್ಟು ಸಣ್ಣ ಗುಂಡುಗಳನ್ನೇ ಮೊದಲು ಆರಿಸಿಕೊಳ್ಳದಿದ್ದರೆ ಬೇರಿಂಗ್ ಬಿಗಿದುಕೊಂಡು ಬಿಸಿಯಾಗುತ್ತದೆ.