ಮಿದುಳಿನ ರಕ್ತಸ್ರಾವ ನಿಂತ ಮೇಲೂ ತಲೆಯಲ್ಲಿ ನೀರು ತುಂಬೋದು ಯಾಕೆ? ಶಂಟ್ ಹಾಕಿಸಲೇಬೇಕಾ?

ನಿಮ್ಮ ತಾಯಿಗೆ ರಕ್ತಸ್ರಾವವಾಗಿ ಮೂರು ವಾರ ಆಯ್ತು, ಈಗ ತಲೆಯಲ್ಲಿ ನೀರು ತುಂಬಿದೆ, ಶಂಟ್ ಅನ್ನೋ ಕೊಳವೆ ಹಾಕಬೇಕು ಅಂತಿದ್ದಾರೆ, ಮಾತ್ರೆಯಲ್ಲಿ ಹೋಗಲ್ವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ಅಪ್ಪನಿಗೆ ಇದೇ ಆಗಿತ್ತು. ಆಗ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಆ ನೀರು ಹೊಸದಾಗಿ ಬಂದದ್ದಲ್ಲ. ಎಲ್ಲರ ಮಿದುಳಿನಲ್ಲೂ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿನೀರು ಹುಟ್ಟುತ್ತದೆ. ಒಂದು ಹೊತ್ತಿಗೆ ಒಳಗಿರೋದು ಸುಮಾರು 150 ಎಂಎಲ್ ಅಷ್ಟೆ. ಉಳಿದದ್ದು ರಕ್ತಕ್ಕೆ ಇಂಗುತ್ತಲೇ ಇರುತ್ತದೆ. ಹೆಪ್ಪುಗಟ್ಟಿದ ರಕ್ತ ಒಳಗಿನ ಕಿರುದಾರಿಗೆ ಅಡ್ಡ ಕೂತರೆ ಕೆಲವೇ ಗಂಟೆಗಳಲ್ಲಿ ನೀರು ಕಟ್ಟಿಕೊಳ್ಳಬಹುದು. ವಾರಗಳ ಮೇಲೆ ಬಂದರೆ ಸಾಮಾನ್ಯವಾಗಿ ಕಾರಣ ಬೇರೆ. ನೀರು ಇಂಗುವ ಜಾಗದಲ್ಲಿ ಹಳೇ ರಕ್ತದ ಕಸ ಕೂತು, ಉರಿಯೂತವಾಗಿ, ಮಾಯ್ದ ಗಾಯದ ಹಾಗೆ ಗಟ್ಟಿಯಾಗಿರುತ್ತದೆ. ನೀರು ಹುಟ್ಟೋದು ಮಾತ್ರ ನಿಲ್ಲಲ್ಲ. ಅದನ್ನು ತಗ್ಗಿಸುವ ಮಾತ್ರೆ ಇದೆ, ಆದರೆ ಈ ಸ್ಥಿತಿಯಲ್ಲಿ ಅದನ್ನೇ ನೆಚ್ಚಿಕೊಂಡು ಕೂರೋಕಾಗಲ್ಲ.

ಅಪ್ಪನಿಗೆ ಮೊದಲು ಇವಿಡಿ ಹಾಕಿದರು. ತಲೆಬುರುಡೆಗೆ ಸಣ್ಣ ತೂತು ಮಾಡಿ, ತೆಳು ಕೊಳವೆಯಿಂದ ನೀರನ್ನು ಹೊರಗಿನ ಚೀಲಕ್ಕೆ ಬಿಡೋದು. ಮೊದಲ ದಿನ ಚೀಲದಲ್ಲಿ ದಾಳಿಂಬೆ ರಸದ ಬಣ್ಣ, ವಾರ ಕಳೆಯುವಷ್ಟರಲ್ಲಿ ತೆಳು ಹಳದಿ. ಮಂಚದ ತಲೆಭಾಗ ಎತ್ತುವ ಮುಂಚೆ ನರ್ಸ್ ಪ್ರತಿ ಸಲ ಕೊಳವೆ ಮುಚ್ಚುತ್ತಿದ್ದರು. ಆಮೇಲೆ ಅಪ್ಪನ ಕಿವಿಯ ಮಟ್ಟಕ್ಕೆ ಚೀಲದ ಎತ್ತರ ಸರಿಮಾಡಿ ಮತ್ತೆ ಬಿಡುತ್ತಿದ್ದರು. ಆ ಎತ್ತರ ತಗ್ಗಿದರೆ ನೀರು ಜಾಸ್ತಿ ಸುರಿದುಬಿಡುತ್ತದಂತೆ.

10 ದಿನದ ಮೇಲೆ, ಕೊಳವೆ ಇಲ್ಲದೆ ಆಗುತ್ತಾ ಅಂತ ಅದನ್ನು ಮುಚ್ಚಿ ನೋಡಿದರು. ಮರುದಿನ ನಾನು ಎಷ್ಟು ಕರೆದರೂ ಅಪ್ಪ ಕಣ್ಣು ಬಿಡಲಿಲ್ಲ. ಕೊಳವೆ ಮತ್ತೆ ತೆರೆದರು. ಸೋಂಕಿನ ಭಯಕ್ಕೆ ಅದನ್ನು ಜಾಸ್ತಿ ದಿನ ಇಡುವಂತಿಲ್ಲ, ಹಾಗಾಗಿ ವಿಪಿ ಶಂಟ್. ಎಲ್ಲರಿಗೂ ಹೀಗೇ ಆಗಲ್ಲ. ಕೆಲವರಿಗೆ ದಾರಿ ತಾನಾಗೇ ಬಿಟ್ಟುಕೊಳ್ಳುತ್ತದೆ.

ಶಂಟ್ ಅಂದ್ರೆ ಮಿದುಳಿನಿಂದ ಚರ್ಮದಡಿಯಲ್ಲೇ ಹೊಟ್ಟೆಗೆ ಇಳಿಯುವ ಕೊಳವೆ, ನಡುವೆ ಒಂದು ವಾಲ್ವ್. ಅಪ್ಪನ ತಲೆ ಬಾಚುವಾಗ ಕಿವಿ ಹಿಂದೆ ಅಡಿಕೆ ಹೋಳಿನಷ್ಟು ಉಬ್ಬು ಕೈಗೆ ಸಿಗುತ್ತೆ, ಅಷ್ಟೇ. ಆಪರೇಶನ್ ಆದ ಮೂರನೇ ದಿನ ಅವರು, "ಹಾಲಿನವನ ದುಡ್ಡು ಕೊಟ್ಟಾಯ್ತಾ?" ಅಂತ ಕೇಳಿದರು. ನಾನು ಕಾರಿಡಾರಿಗೆ ಹೋಗಿ ಅತ್ತೆ.

ಯಾವ ವಾಲ್ವ್ ಅಂತ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹೊರಗಿಂದ ಒತ್ತಡ ಬದಲಾಯಿಸುವಂಥದ್ದಾದರೆ, ಎಂಆರ್‌ಐ ಆದ ಮೇಲೆ ಸೆಟ್ಟಿಂಗ್ ಸರಿ ಇದೆಯಾ ಅಂತ ನೋಡಿಸಬೇಕು. ಶಂಟ್ ಕಟ್ಟಿಕೊಳ್ಳಬಹುದು, ಸೋಂಕೂ ಆಗಬಹುದು. ತಲೆನೋವು, ವಾಂತಿ, ಜ್ವರ, ಎಬ್ಬಿಸಿದರೂ ಏಳದ ಮಂಪರು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಕರೆದುಕೊಂಡು ಹೋಗಿ, ಶಂಟ್ ಇದೆ ಅನ್ನೋದನ್ನೇ ಮೊದಲು ಹೇಳಿ.