ಪೀನ್ಯಾ ಕೊಲಾಡಾ ಕಹಿ ಆಗೋದ್ಯಾಕ, ನೀರಾಗೋದ್ಯಾಕ

ಪೀನ್ಯಾ ಕೊಲಾಡಾ ಅಂದ್ರ ರಮ್, ಅನಾನಸ್, ತೆಂಗಿನಕಾಯಿ ಹಾಲು ಹಾಕಿ ಮಾಡೋ ತಣ್ಣಗಿನ ಪೇಯ. ಅದಕ್ಕ ಹಸಿ ಅನಾನಸ್, ಹಾಲು, ರಮ್, ಐಸ್ ಮಿಕ್ಸಿಗೆ ಹಾಕಿದ್ರ ಕಹಿ ಆಗಿ ನೀರಾಗ್ತದ, ಯಾಕ ಅಂತ ಕೇಳೀರಿ. ಹಸಿ ಅನಾನಸ್‌ನಾಗಿರೋ ಬ್ರೊಮೆಲಿನ್ ಅನ್ನೋ ಕಿಣ್ವ (ಎಂಜೈಮ್) ಹಾಲಿನ ಪ್ರೋಟೀನ್ ಒಡೀತದ, ಕಹಿ ಅಲ್ಲಿಂದನೇ. ಹಾಲು ಬಿಡ್ರಿ; ತೆಂಗಿನಕಾಯಿ ತುರಿದು ಹಿಂಡಿದ ಮೊದಲ ಗಟ್ಟಿ ಹಾಲೇ ಈ ಪೇಯದ ಜೀವ.

ಒಂದು ಗ್ಲಾಸಿಗೆ ವೈಟ್ ರಮ್ 60 ಮಿ.ಲೀ., ಕಾಯಿಹಾಲು 45 ಮಿ.ಲೀ., ಸಕ್ಕರೆ 2 ಚಮಚ, ಅರ್ಧ ನಿಂಬೆಹಣ್ಣಿನ ರಸ. ಮೊದಲು ಇಷ್ಟನ್ನೇ ತಿರುವಿ ಸಕ್ಕರೆ ಕರಗಿಸ್ರಿ, ಇಲ್ಲಾಂದ್ರ ತಣ್ಣಗಿನ ಹಣ್ಣಿಗೆ ಕಾಯಿಹಾಲಿನ ಜಿಡ್ಡು ಗಂಟು ಕಟ್ತದ. ಆಮೇಲೆ ಹಿಂದಿನ ರಾತ್ರಿ ಫ್ರೀಜರ್‌ನಾಗಿಟ್ಟ ಅನಾನಸ್ ತುಂಡು 150 ಗ್ರಾಂ ಹಾಕಿ 20 ಸೆಕೆಂಡ್ ತಿರುವ್ರಿ.

ಐಸ್ ಬ್ಯಾಡ. ರಾಯಚೂರಿನ ಬಿಸಿಲಿಗೆ ಅದು ಕರಗಿನೇ ನೀರಾಗೋದು. ಕೊಪ್ಪಳದ ಕೇಸರ್ ಮಾವು ಸಿಕ್ರ 50 ಗ್ರಾಂ ಸೇರಿಸಿ, ಸಕ್ಕರೆ 1 ಚಮಚಕ್ಕ ಇಳಿಸ್ರಿ. ಭಾಳ ಚಲೋ ಹೊಂದ್ತದ.